ಸಿಳ್ಳೆ ಬಾತುಗಳು ಸೈಬೀರಿಯಾದವಲ್ಲ, ಜೂನ್‌ನಲ್ಲಿ ಜೊಂಡು ತೆಗೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಬೆಂಗಳೂರು ಪುಟದಲ್ಲಿ ಒಂದು ಕೆರೆಯ ಫೋಟೊ ಬಂದಿತ್ತು. ನೀರಿನ ನಡುವೆ ಒಣಗಿದ ಮರ. ಅದರ ಕೊಂಬೆಗಳ ಮೇಲೆ ಕಂದು ಬಣ್ಣದ ಬಾತುಗಳು ಒತ್ತಾಗಿ ಕೂತಿದ್ದವು. ಫೋಟೊ ತುಂಬಾ ಚೆನ್ನಾಗಿದೆ. ಕೆಳಗಿನ ಸಾಲು ಮಾತ್ರ ಸರಿಯಿಲ್ಲ. ‘ಸೈಬೀರಿಯಾದಿಂದ ನಗರಕ್ಕೆ ಬಂದಿಳಿದ ಚಳಿಗಾಲದ ಅತಿಥಿಗಳು’ ಅಂತ ಹಾಕಿದ್ದೀರಿ. ಹೋದ ವರ್ಷ ಜನವರಿಯಲ್ಲೂ ಇಂಥದ್ದೇ ಫೋಟೊಗೆ ಹೆಚ್ಚುಕಡಿಮೆ ಇದೇ ಸಾಲು ಇತ್ತು. ಪೇಪರ್‌ನಲ್ಲಿ ಬರುವ ಸಣ್ಣಪುಟ್ಟದ್ದಕ್ಕೆಲ್ಲ ಪತ್ರ ಬರೆಯುವವನು ನಾನಲ್ಲ. ಆದರೆ ಆ ಸಾಲು ನಮ್ಮ ಕೆರೆಯ ಏರಿವರೆಗೂ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಯಲಹಂಕದ ಕಡೆ ಮನೆ. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕೆರೆ ಏರಿ ಮೇಲೆ ನಡೆಯುತ್ತೇನೆ. ಯಾವ ಕೆರೆ ಅಂತ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರ ಮಾರುದ್ದದ ಲೆನ್ಸ್ ಹೊತ್ತವರು ಸಾಲುಗಟ್ಟಿ ಬರುತ್ತಾರೆ, ಇರುವ ಹಕ್ಕಿಗಳೂ ಎದ್ದು ಹೋಗುತ್ತವೆ.

ಫೋಟೊದಲ್ಲಿ ಇರುವುದು ಸಿಳ್ಳೆ ಬಾತು. ಅವು ಮರದ ಮೇಲೆ ಕೂತಿರುವುದನ್ನು ನೋಡಿದರೇ ಅನುಮಾನ ಬರಬೇಕಿತ್ತು. ನಮ್ಮ ಕೆರೆಗಳಿಗೆ ಬರುವ ಹೆಚ್ಚಿನ ಬಾತುಗಳು ಹೀಗೆ ಸಲೀಸಾಗಿ ಕೊಂಬೆ ಮೇಲೆ ಕೂರುವುದಿಲ್ಲ. ಸಿಳ್ಳೆ ಬಾತು ಚಿಕ್ಕದು. ಉದ್ದ 40 ಸೆಂಟಿಮೀಟರ್ ಆಸುಪಾಸು, ತೂಕ ಅರ್ಧ ಕೆಜಿ. ತಲೆ ಬೂದುಗಂದು, ನೆತ್ತಿ ಇನ್ನೂ ಸ್ವಲ್ಪ ಕಪ್ಪು. ಕಣ್ಣಿನ ಸುತ್ತ ತೆಳ್ಳಗೆ ಹಳದಿ ಉಂಗುರ. ಬಾಲದ ಬುಡ ಕೆಂಗಂದು. ಗಂಡು ಹೆಣ್ಣು ನೋಡಲು ಒಂದೇ ಥರ. ಹಾರುವಾಗ ತಲೆಯನ್ನು ಬೆನ್ನಿಗಿಂತ ಕೆಳಗೆ ತಗ್ಗಿಸುತ್ತವೆ, ಕಾಲುಗಳು ಹಿಂದೆ ಚಾಚಿರುತ್ತವೆ. ರೆಕ್ಕೆ ಅಗಲ, ತುದಿ ದುಂಡಗೆ. ಬೇರೆ ಬಾತುಗಳ ಹಾಗೆ ಬಾಣದಂತೆ ಹೋಗುವುದಿಲ್ಲ. ನಿಧಾನವಾಗಿ ಬಡಿಯುತ್ತಾ, ಉದ್ದಕ್ಕೂ ಸಿಳ್ಳೆ ಹಾಕುತ್ತಾ ಹೋಗುತ್ತವೆ. ಕ್ವಾಕ್ ಕ್ವಾಕ್ ಅನ್ನುವ ಬಾತು ಇದಲ್ಲ. ಎರಡೇ ಸ್ವರದ, ಸ್ವಲ್ಪ ಉಬ್ಬಸ ಬಂದವರ ಹಾಗೆ ಕೇಳುವ ಸಿಳ್ಳೆ.

ದೂರದಿಂದ ಬರುವ ಬಾತುಗಳೂ ಬೆಂಗಳೂರಿನಲ್ಲಿ ಇವೆ, ಇಲ್ಲ ಅಂದವರು ಯಾರು. ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ಇವೆಲ್ಲ ಉತ್ತರದಿಂದ ಹಿಮಾಲಯ ದಾಟಿ ಬರುತ್ತವೆ. ಬೇಸಿಗೆಗೆ ಮುಂಚೆ ವಾಪಸ್ ಹೊರಡುತ್ತವೆ. ಅವುಗಳಲ್ಲಿ ಗಂಡಿಗೆ ಬಣ್ಣ ಜಾಸ್ತಿ. ಸಲಿಕೆ ಕೊಕ್ಕಿನ ಗಂಡಿಗೆ ಹಸಿರು ತಲೆ, ಬಿಳಿ ಎದೆ, ಒಂದು ಸಲ ನೋಡಿದರೆ ಮರೆಯುವುದಿಲ್ಲ. ಸಿಳ್ಳೆ ಬಾತಿಗೂ ಸೈಬೀರಿಯಾಕ್ಕೂ ಸಂಬಂಧವೇ ಇಲ್ಲ. ಪಾಕಿಸ್ತಾನದಿಂದ ಹಿಡಿದು ಭಾರತ, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ಇಂಡೊನೇಷ್ಯಾವರೆಗೆ ಅದರ ಸೀಮೆ. 1821ರಲ್ಲಿ ಇದನ್ನು ಮೊದಲು ವಿವರಿಸಿ ಹೆಸರಿಟ್ಟವರು ಥಾಮಸ್ ಹಾರ್ಸ್‌ಫೀಲ್ಡ್ ಅನ್ನುವ ಅಮೆರಿಕದ ವೈದ್ಯರು. ಅವರು ಜಾವಾದಲ್ಲಿ ವರ್ಷಗಟ್ಟಲೆ ಇದ್ದವರು. ಅದಕ್ಕೇ ಈ ಬಾತಿನ ಶಾಸ್ತ್ರೀಯ ಹೆಸರಿನಲ್ಲಿ ಜಾವಾ ಇದೆ. ಜಗತ್ತಿನಲ್ಲಿ ಸಿಳ್ಳೆ ಬಾತುಗಳು ಒಟ್ಟು ಎಂಟು ಜಾತಿ. ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾ ಎಲ್ಲೆಡೆ ಇವೆ. ಎಲ್ಲವೂ ಬೆಚ್ಚನೆ ದೇಶದವೇ. ನಮ್ಮ ದೇಶದಲ್ಲೇ ಇದಕ್ಕಿಂತ ಸ್ವಲ್ಪ ದಪ್ಪನೆಯ ಇನ್ನೊಂದು ಜಾತಿ ಇದೆ. ಅದರ ಬಾಲದ ಬುಡ ಕೆನೆ ಬಿಳುಪು. ಅದು ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದ ಕಡೆ ಕಾಣುತ್ತದೆ. ನಿಮ್ಮ ಫೋಟೊದಲ್ಲಿ ಇರುವುದು ಅದಲ್ಲ, ಭೂತಗನ್ನಡಿ ಹಿಡಿದು ನೋಡಿದ್ದೇನೆ.

ಹಾಗಾದರೆ ಚಳಿಗಾಲದಲ್ಲೇ ಯಾಕೆ ಇಷ್ಟೊಂದು ಕಾಣುತ್ತವೆ? ಇಲ್ಲೇ ಜನ ಮೋಸ ಹೋಗುವುದು. ಮಳೆಗಾಲದಲ್ಲಿ ಎಲ್ಲೆಡೆ ನೀರು. ಕುಂಟೆ, ಹಳ್ಳ, ಗದ್ದೆ, ಬಿಲ್ಡಿಂಗ್ ಕಟ್ಟಲು ತೋಡಿ ಬಿಟ್ಟ ಗುಂಡಿಯಲ್ಲೂ ನೀರು. ಬಾತುಗಳು ಜೋಡಿ ಜೋಡಿಯಾಗಿ ಚದುರಿ ಹೋಗುತ್ತವೆ, ಜೊಂಡಿನೊಳಗೆ ಸೇರಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮಳೆ ನಿಂತು ಸಣ್ಣ ನೀರೆಲ್ಲ ಇಂಗಿದ ಮೇಲೆ, ಮರಿಗಳನ್ನೂ ಕಟ್ಟಿಕೊಂಡು, ದೊಡ್ಡ ಕೆರೆಗಳಿಗೆ ಬಂದು ಗುಂಪುಗೂಡುತ್ತವೆ. ಹಗಲೆಲ್ಲ ಒಂದೇ ಕಡೆ ಕೂತು ತೂಕಡಿಸುತ್ತವೆ. ಆಗ ಕ್ಯಾಮೆರಾಕ್ಕೆ ಸುಲಭವಾಗಿ ಸಿಗುತ್ತವೆ. ನೀರುಹಕ್ಕಿಗಳ ಏಷ್ಯಾ ಗಣತಿ ನಡೆಯುವುದೂ ಜನವರಿಯಲ್ಲೇ, 1987ರಿಂದ. ಪಕ್ಷಿ ನೋಡುವವರು, ಫೋಟೊದವರು, ಪತ್ರಿಕೆಯವರು ಎಲ್ಲರೂ ಕೆರೆಗೆ ಬರುವ ತಿಂಗಳು ಅದು. ಜೂನ್‌ನಲ್ಲಿ ಕೆಸರು ತುಳಿದು ಬರುವವರು ಯಾರು?

ಕಲ್ಕತ್ತಾ ಕಡೆಯೂ ಇದೇ ಕಥೆ. ಹೌರಾದಲ್ಲಿ ಸಾಂತ್ರಾಗಾಛಿ ಅಂತ ರೈಲ್ವೆ ಸ್ಟೇಷನ್ ಇದೆ, ಅದರ ಪಕ್ಕದಲ್ಲೇ ಒಂದು ಕೆರೆ. ಚಳಿಗಾಲದಲ್ಲಿ ಅಲ್ಲಿಗೆ ಸಾವಿರಾರು ಬಾತುಗಳು ಬರುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ಇದೇ ನಮ್ಮ ಸಿಳ್ಳೆ ಬಾತು. ಅಲ್ಲಿಯವರು ಚಳಿಗಾಲಕ್ಕೆ ಮುಂಚೆ ಕೆರೆಯ ಅಂತರಗಂಗೆ ತೆಗೆಯುತ್ತಾರೆ. ಆದರೆ ಪೂರ್ತಿ ತೆಗೆಯುವುದಿಲ್ಲ, ಹಕ್ಕಿ ಕೂರಲಿ ಅಂತ ಅಲ್ಲಲ್ಲಿ ದ್ವೀಪದ ಹಾಗೆ ಬಿಡುತ್ತಾರೆ. ನಮ್ಮಲ್ಲಿ ಕೆರೆ ಕ್ಲೀನ್ ಮಾಡುವುದು ಅಂದರೆ ಬೋಳು ಮಾಡುವುದು ಅಂತಲೇ ಅರ್ಥ ಆಗಿಬಿಟ್ಟಿದೆ.

ಈಗ ಜೂನ್ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಸಿಳ್ಳೆ ಬಾತು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಮುಂಗಾರು ಶುರುವಾದಾಗಿನಿಂದ ಅಕ್ಟೋಬರ್‌ವರೆಗೂ ನಡೆಯುತ್ತದೆ. ಗೂಡಿಗೆ ಇಂಥದ್ದೇ ಜಾಗ ಅಂತಿಲ್ಲ. ಮರದ ಪೊಟರೆ ಸಿಕ್ಕರೆ ಅದು. ಹದ್ದೋ ಕಾಗೆಯೋ ಬಿಟ್ಟುಹೋದ ಹಳೇ ಗೂಡು ಸಿಕ್ಕರೆ ಅದು. ಎರಡೂ ಇಲ್ಲದಿದ್ದರೆ ನೀರಿನ ಅಂಚಿನ ಜೊಂಡು, ಎತ್ತರದ ಹುಲ್ಲು. ಏಳರಿಂದ ಹನ್ನೆರಡು ಮೊಟ್ಟೆ, ದಂತದ ಬಿಳಿ. ಮೂರು ವಾರಕ್ಕೆ ಸ್ವಲ್ಪ ಮೇಲೆ ಕಾವು. ಕಾವಿಗೆ ಗಂಡೂ ಕೂರುತ್ತದೆ, ಹೆಣ್ಣೂ ಕೂರುತ್ತದೆ. ಹೆಚ್ಚಿನ ಬಾತುಗಳಲ್ಲಿ ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ತನ್ನ ದಾರಿ ನೋಡಿಕೊಳ್ಳುತ್ತದೆ. ಇವು ಹಾಗಲ್ಲ, ಮರಿ ಸಾಕುವವರೆಗೂ ಇಬ್ಬರೂ ಇರುತ್ತಾರೆ. ನನ್ನ ಹೆಂಡತಿಗೆ ಇದನ್ನು ಹೇಳಿದಾಗ ‘ಇಲಾಖೆಯವರಿಗೆಲ್ಲ ತೋರಿಸಿ’ ಅಂದಳು. ಯಾವ ಅರ್ಥದಲ್ಲಿ ಅಂದಳೋ ಕೇಳಲಿಲ್ಲ.

ಪೊಟರೆಯ ಗೂಡನ್ನು ನಾನು ಕೆಲಸದಲ್ಲಿದ್ದಾಗಲೇ ನೋಡಿದ್ದೆ. ಜುಲೈ ತಿಂಗಳು, ಗಾಳಿಮಳೆಗೆ ಲೈನ್ ಬಿದ್ದಿತ್ತು. ಕೆರೆ ಏರಿಯ ಹಳೇ ಗೋಣಿ ಮರಕ್ಕೆ ಏಣಿ ಹಾಕಿ ಕೊಂಬೆ ತೆಗೆಯಬೇಕಿತ್ತು. ಅರ್ಧ ಹತ್ತಿದ್ದೆ, ಪೊಟರೆಯಿಂದ ಒಂದು ಬಾತು ನನ್ನ ಕಿವಿ ಪಕ್ಕದಲ್ಲೇ ಸಿಳ್ಳೆ ಹಾಕಿಕೊಂಡು ಹಾರಿತು. ಏಣಿ ಹಿಡಿದಿದ್ದ ಹುಡುಗ ಹೆದರಿ ಕೈ ಬಿಟ್ಟ. ಕೆಳಗಿದ್ದ ಮೇಸ್ತ್ರಿ ಅವನಿಗೆ ಬೈದು, ‘ಆ ಕೊಂಬೆ ಲೈನಿಗೆ ತಾಗಲ್ಲ, ಬಿಡಪ್ಪ, ಪಕ್ಕದ್ದು ಕಡಿ’ ಅಂದರು. ಅವರಿಗೆ ಹಕ್ಕಿ ಶಾಸ್ತ್ರ ಗೊತ್ತಿರಲಿಲ್ಲ. ಮೊಟ್ಟೆ ಇರುವ ಕೊಂಬೆ ಕಡಿಯಬಾರದು ಅನ್ನುವುದು ಗೊತ್ತಿತ್ತು, ಅಷ್ಟೆ.

ಹೋದ ಜೂನ್‌ನಲ್ಲಿ ನಮ್ಮ ಕೆರೆಗೆ ಜೆಸಿಬಿ ಬಂತು. ಪಡುವಣ ದಿಕ್ಕಿಗೆ, ರಾಜಕಾಲುವೆ ಸೇರುವ ಕಡೆ, ಒತ್ತಾಗಿ ಜೊಂಡು ಬೆಳೆದಿತ್ತು. ಮುಂಗಾರಿನ ಮೊದಲ ಮಳೆ ಆಗಿ ನೀರು ಏರಿತ್ತು. ಅಲ್ಲಿಂದ ದಿನಾ ಬೆಳಿಗ್ಗೆ ಜೋಡಿ ಬಾತುಗಳು ಏಳುವುದನ್ನು ನೋಡುತ್ತಿದ್ದೆ. ಇಳಿದು ಹೋಗಿ ಸೂಪರ್‌ವೈಸರ್ ಹುಡುಗನಿಗೆ ಹೇಳಿದೆ, ‘ಒಳಗೆ ಗೂಡು ಇರಬಹುದು ಕಣಪ್ಪ, ಈ ಭಾಗ ಒಂದು ಬಿಟ್ಟುಬಿಡು’ ಅಂತ. ಒರಟು ಹುಡುಗನೇನಲ್ಲ. ಮರ್ಯಾದೆಯಾಗೇ ಮಾತಾಡಿದ. ಫೋನ್ ತೆಗೆದು ಒಂದು ಪೇಪರ್ ಕಟಿಂಗ್ ತೋರಿಸಿದ. ನಿಮ್ಮ ಜನವರಿ ತಿಂಗಳ ಫೋಟೊ. ‘ನೋಡಿ ಸಾರ್, ಪೇಪರ್‌ನಲ್ಲೇ ಬಂದಿದೆಯಲ್ವಾ. ಇವು ಚಳಿಗಾಲಕ್ಕೆ ಬರೋ ಹಕ್ಕಿ. ಈಗ ಎಲ್ಲಾ ವಾಪಸ್ ಹೋಗಿವೆ. ನಮ್ಮ ಸಾಹೇಬ್ರೂ ಅದನ್ನೇ ಹೇಳಿದ್ರು’ ಅಂದ. ಅಚ್ಚಾಗಿದ್ದರ ಮುಂದೆ ನನ್ನ ಮಾತಿಗೆ ಏನು ಬೆಲೆ?

ಮಾರನೇ ದಿನ ಬೆಳಿಗ್ಗೆ ಕಿತ್ತು ಹಾಕಿದ ಜೊಂಡಿನ ರಾಶಿ ಮೇಲೆ ಕಾಗೆಗಳು ಮುತ್ತಿದ್ದವು. ಒಡೆದ ಮೊಟ್ಟೆಗಳು ಇದ್ದವು. ಚುಕ್ಕೆ ಇದ್ದವೂ ಇದ್ದವು, ಅವು ನಾಮಗೋಳಿಯದೋ ಜಂಬುಕೋಳಿಯದೋ ಇರಬೇಕು. ಚುಕ್ಕೆಯಿಲ್ಲದ ಬಿಳಿಯವೂ ಇದ್ದವು. ಒಂದು ಜೋಡಿ ಬಾತು ನೀರಿನ ಮೇಲೆ ಆ ಜಾಗದ ಎದುರೇ ಹಿಂದೆ ಮುಂದೆ ಈಜುತ್ತಿತ್ತು. ಹುಡುಗನನ್ನು ಕರೆದು ತೋರಿಸಿದೆ. ಪಾಪ, ಅವನ ಮುಖ ಸಣ್ಣದಾಯಿತು. ಆದರೆ ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ. ಕೆಲಸ ನಿಲ್ಲಲಿಲ್ಲ.

ಜೂನ್‌ನಲ್ಲೇ ಯಾಕೆ ಈ ಕೆಲಸ ಬರುತ್ತದೆ ಅಂತ ನನಗೆ ಗೊತ್ತು, ಸರ್ಕಾರಿ ಕೆಲಸ ಮಾಡಿದವನಲ್ಲವಾ. ಏಪ್ರಿಲ್‌ನಲ್ಲಿ ಹೊಸ ವರ್ಷದ ದುಡ್ಡು ಬರುತ್ತದೆ. ಟೆಂಡರ್ ಕರೆದು, ತೆರೆದು, ವರ್ಕ್ ಆರ್ಡರ್ ಕೈಗೆ ಸಿಗುವಾಗ ಮಳೆಗಾಲ. ಯಾರಿಗೂ ಹಕ್ಕಿ ಮೇಲೆ ಸಿಟ್ಟಿಲ್ಲ, ಕಾಗದಗಳ ಓಡಾಟವೇ ಹಾಗೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ತಗ್ಗಿರುತ್ತದೆ, ದೂರದ ಹಕ್ಕಿಗಳು ಹೊರಟಿರುತ್ತವೆ, ಇಲ್ಲಿನ ಬಾತುಗಳು ಇನ್ನೂ ಗೂಡು ಮಾಡಿರುವುದಿಲ್ಲ. ಜೊಂಡು ತೆಗೆಯಲೇಬೇಕು ಅಂದರೆ ಆಗ ತೆಗೆಯಲಿ. ಅದೂ ಒಂದು ವರ್ಷ ಒಂದು ಭಾಗ, ಮುಂದಿನ ವರ್ಷ ಇನ್ನೊಂದು ಭಾಗ. ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಜೂನ್‌ನಿಂದ ಅಕ್ಟೋಬರ್‌ವರೆಗೆ ಜೊಂಡು ಮುಟ್ಟಬಾರದು ಅಂತ. ಇದು ಬರೀ ದಯೆಯ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅಂದರೆ ಏನು ಅಂತ ಹೇಳುವಾಗ, ಕಾಡು ಹಕ್ಕಿಯ ಮೊಟ್ಟೆ ಹಾಳುಮಾಡುವುದನ್ನೂ ಗೂಡು ಕೆದಕುವುದನ್ನೂ ಅದರಲ್ಲೇ ಸೇರಿಸಿದೆ. ಬಂದೂಕು ಹಿಡಿದರೆ ಮಾತ್ರ ಬೇಟೆ ಅಂತಿಲ್ಲ.

ಜೊಂಡು ಅಂದರೆ ಗಲೀಜು ಅನ್ನುವವರು ಒಂದು ಸಲ ಜಕ್ಕೂರು ಕೆರೆಗೆ ಹೋಗಿ ನೋಡಲಿ. ಅಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ. ಜೊಂಡು ಸುಮ್ನೆ ನಿಂತಿಲ್ಲ, ನೀರು ತಿಳಿಯಾಗಿಸುವ ಕೆಲಸ ಮಾಡುತ್ತಿದೆ.

ಇನ್ನು ಊಟದ ಮಾತು. ಸಿಳ್ಳೆ ಬಾತು ಹಗಲು ಮಲಗಿ ರಾತ್ರಿ ಮೇಯುವ ಹಕ್ಕಿ. ನೀರುಗಿಡ, ಕಾಳು, ಬಸವನಹುಳು, ಸಣ್ಣ ಮೀನು, ಕಪ್ಪೆ, ಎರೆಹುಳು, ಏನಾದರೂ ಆದೀತು. ಬತ್ತ ಅಂದರೆ ಪ್ರಾಣ. ನಮ್ಮ ಮಾವನವರು ಇದೇ ಕೆರೆಯ ಕೆಳಗಿನ ಗದ್ದೆಯಲ್ಲಿ ಬತ್ತ ಬೆಳೆದವರು. ಈಗ ಆ ಗದ್ದೆ ಮೇಲೆ ನಾಲ್ಕು ಅಂತಸ್ತಿನ ಮನೆಗಳಿವೆ. ಬಾತಿನ ಮಾತು ಎತ್ತಿದರೆ ಅವರಿಗೆ ಈಗಲೂ ಸಿಟ್ಟು. ‘ಕತ್ತಲಾಯ್ತು ಅಂದ್ರೆ ಸಿಳ್ಳೆ ಹೊಡ್ಕೊಂಡು ಸಸಿಮಡಿಗೆ ಬಂದಿಳಿಯೋವು ಅಳಿಯಂದ್ರೆ. ಡಬ್ಬ ಬಡೀತಾ ಬದುವಿನ ಮೇಲೆ ಕೂರಬೇಕಿತ್ತು. ಈ ಕಡೆ ಓಡಿಸಿದ್ರೆ ಆ ಕಡೆ ಇಳಿಯೋವು. ನಿಮಗೆಲ್ಲ ಈಗ ಚೆಂದ ಕಾಣ್ತವೆ’ ಅನ್ನುತ್ತಾರೆ. ಅವರು ಹೇಳುವುದು ನ್ಯಾಯವೇ. ಆಗ ಪ್ರತಿ ಕೆರೆಯ ಕೆಳಗೂ ಗದ್ದೆ ಇತ್ತು, ಬಾತುಗಳಿಗೆ ರಾತ್ರಿ ಊಟ ಅಲ್ಲಿ. ಈಗ ಯಲಹಂಕದಿಂದ ಹೆಬ್ಬಾಳದವರೆಗೆ ಬತ್ತದ ಗದ್ದೆ ಹುಡುಕಿದರೂ ಸಿಗುವುದು ಕಷ್ಟ. ಉಳಿದಿರುವುದು ಕೆರೆಯ ಅಂಚಿನ ಮೊಣಕಾಲುದ್ದ ನೀರು, ಅದರಲ್ಲಿ ಬೆಳೆಯುವ ಗಿಡ, ಬೀಜ, ಹುಳ.

ಆ ಅಂಚನ್ನೂ ಈಗ ತೆಗೆಯುತ್ತಿದ್ದೇವೆ. ಕೆರೆ ಅಭಿವೃದ್ಧಿ ಅಂದರೆ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಅಗೆದು, ಸುತ್ತ ಕಡಿದಾಗಿ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಪಾತ್ ಹಾಕುವುದು. ಸಾಂಬಾರಿನ ಪಾತ್ರೆ ಹಾಗೆ. ಹೂಳು ತೆಗೆಯಬೇಕು, ನಾನೂ ಒಪ್ಪುತ್ತೇನೆ. ಆದರೆ ಹಿಂದೆ ದನ ಇಳಿದು ನೀರು ಕುಡಿಯುತ್ತಿದ್ದ ಕಡೆಯಾದರೂ ಇಳಿಜಾರು ಬಿಡಬಹುದಲ್ವಾ? ಅಂಗೈ ಅಗಲದ ಮರಿ ನೇರ ಕಲ್ಲುಗೋಡೆ ಹತ್ತಲಾರದು. ಮರದ ಪೊಟರೆಯಲ್ಲಿ ಹುಟ್ಟಿದ ಮರಿಗಳು ಕೆಳಗೆ ಧುಮುಕಿ ನಡೆದುಕೊಂಡೇ ನೀರಿಗೆ ಹೋಗಬೇಕು. ದಾರಿಯಲ್ಲಿ ಬೀದಿನಾಯಿ, ತಂತಿಬೇಲಿ, ಚರಂಡಿ ಎಲ್ಲಾ ಇರುತ್ತದೆ. ಕೊನೆಗೆ ನೀರು ಸಿಕ್ಕಿತು ಅಂದರೆ ಇಳಿದ ಮೇಲೆ ಹತ್ತಲು ದಡ ಇಲ್ಲ.

ಒಣಮರಗಳ ವಿಷಯವೂ ಅಷ್ಟೆ. ನೀರಿನ ಮಧ್ಯೆ ನಿಂತ ಒಣಮರ ನೋಡಲು ಚೆಂದವಿಲ್ಲ ಅಂತ ಕಡಿಯುತ್ತಾರೆ. ನಿಮ್ಮ ಫೋಟೊದಲ್ಲಿ ಅಷ್ಟೂ ಬಾತುಗಳು ಕೂತಿದ್ದು ಅಂಥ ಮರದ ಮೇಲೇ. ನಡೆಯುವ ದಾರಿ ಮೇಲೆ ಬೀಳುವಂತಿದ್ದರೆ ತೆಗೆಯಲಿ, ನೀರೊಳಗಿನ ಮರ ಬಿದ್ದರೂ ಯಾರ ತಲೆ ಮೇಲೂ ಬೀಳುವುದಿಲ್ಲ.

ಕೊನೆಯದಾಗಿ ನನಗೆ ಚೆನ್ನಾಗಿ ಗೊತ್ತಿರುವ ವಿಷಯ, ಲೈಟು. ಜೆಸಿಬಿ ಹೋದ ಮೇಲೆ ನಮ್ಮ ಕೆರೆಗೆ ಹೈಮಾಸ್ಟ್ ಬಂತು. ಏರಿಯ ಎರಡೂ ತುದಿಗೆ ಒಂದೊಂದು. ಬೆಳ್ಳಗಿನ ಎಲ್‌ಇಡಿ, ಮುಖ ನೀರಿನ ಕಡೆಗೆ. ಸಂಜೆ ಏಳಕ್ಕೆ ಗೇಟ್ ಮುಚ್ಚುತ್ತಾರೆ. ಲೈಟು ಬೆಳಿಗ್ಗೆ ಆರರವರೆಗೆ ಉರಿಯುತ್ತದೆ. ಯಾರಿಗೋಸ್ಕರ? ಒಳಗೆ ಒಬ್ಬ ಮನುಷ್ಯನಿರುವುದಿಲ್ಲ. ರಾತ್ರಿ ಮೇಯುವ ಹಕ್ಕಿಯ ಊಟದ ಜಾಗದ ಮೇಲೆ ಇಡೀ ರಾತ್ರಿ ಹಗಲು. ಮುಂಚೆ ಕತ್ತಲಾಗುತ್ತಲೇ ಬಾತುಗಳು ಸಿಳ್ಳೆ ಹಾಕುತ್ತಾ ಅಂಚಿನ ಕಡೆ ಬರುತ್ತಿದ್ದವು. ಈಗ ಲೈಟು ಬೀಳುವ ಕಡೆ ಇಳಿಯುವುದಿಲ್ಲ, ಕೂಗುತ್ತಾ ಮೇಲೆ ಸುತ್ತಿ ಆಚೆ ಹೋಗುತ್ತವೆ. ಕತ್ತಲು ಮಾಡಿದರೆ ಕುಡುಕರು ಸೇರುತ್ತಾರೆ ಅಂತ ನಮ್ಮ ಬಡಾವಣೆಯ ಕೆಲವರು ಹೇಳಿದರು. ಅವರ ಭಯ ಸುಳ್ಳಲ್ಲ. ಗೇಟಿನ ಲೈಟು ಇರಲಿ, ರಸ್ತೆ ಲೈಟು ಇರಲಿ. ನಾನು ಹೇಳುತ್ತಿರುವುದು ನೀರಿಗೆ ಮುಖ ಮಾಡಿದ ಲೈಟುಗಳ ಮಾತು ಮಾತ್ರ. ಅವನ್ನು ದಾರಿ ಕಡೆ ತಿರುಗಿಸಿ, ಮೇಲೊಂದು ತಗಡಿನ ಮುಚ್ಚಳ ಕೊಟ್ಟು, ಗೇಟ್ ಮುಚ್ಚಿ ಅರ್ಧ ಗಂಟೆಗೆ ಆರುವ ಹಾಗೆ ಮಾಡಿದರೆ ಆಯಿತು. ಬಲ್ಬ್ ಬದಲಿಸುವಾಗ ಬಿಳಿಯ ಬದಲು ಹಳದಿ ಬಣ್ಣದ್ದು ಹಾಕಬಹುದು. ಬಿಳಿ ಲೈಟಿನಲ್ಲಿ ನೀಲಿ ಪಾಲು ಜಾಸ್ತಿ. ಅದು ಗಾಳಿಯಲ್ಲಿ ಚದುರಿ ಕೆರೆ ತುಂಬಾ ಹರಡುತ್ತದೆ, ಹುಳಗಳನ್ನೂ ಹೆಚ್ಚು ಸೆಳೆಯುತ್ತದೆ.

ಇದಕ್ಕೆ ಬೇಕಿರುವುದು ಪ್ಯಾನಲ್ ಬಾಕ್ಸ್‌ನಲ್ಲಿ ಒಂದು ಟೈಮರ್. ಆ ಕಂಬದ ಮೇಲಿನ ಒಂದು ಲೈಟಿನ ಬೆಲೆಗಿಂತ ಜಾಸ್ತಿಯೇನೂ ಆಗುವುದಿಲ್ಲ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ, ಸ್ವೀಕೃತಿ ಸೀಲು ಹಾಕಿಸಿಕೊಂಡಿದ್ದೇನೆ. ಉತ್ತರ ಬಂದಿಲ್ಲ. ಟೈಮರ್ ನಾನೇ ತರುತ್ತೇನೆ, ಕೂರಿಸಲು ಕೂಲಿ ಬೇಡ. ಪ್ಯಾನಲ್ ಬೀಗದ ಕೀ ಇರುವವರು ಯಾರಾದರೂ ಒಂದು ದಿನ ಮಧ್ಯಾಹ್ನ ಬಂದು ಜೊತೆಗೆ ನಿಂತರೆ ಸಾಕು, ಒಂದು ಗಂಟೆ ಕೆಲಸ.

ಇಂತಿ,
ಒಬ್ಬ ನಿವೃತ್ತ ಲೈನ್‌ಮನ್
ಯಲಹಂಕ, ಬೆಂಗಳೂರು